ಗೋಡೆಗೆ ಮುಖ ಮಾಡಿ ಆರಿಸಿದ ಪೆಡಲ್

ನನ್ನ ಬಾಯಿ ಜೋರು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇನ್ನೊಬ್ಬರಿಂದ ಹೇಳಿಸಿಕೊಳ್ಳುವ ರಗಳೆ ಬೇಡ. ಮನಸ್ಸಿಗೆ ಬಂದದ್ದು ನಾಲಿಗೆಗೆ ಇಳಿಯಲು ನನ್ನಲ್ಲಿ ಅರೆಗಳಿಗೆಯೂ ಹಿಡಿಯುವುದಿಲ್ಲ. ಅಪ್ಪ ನನ್ನನ್ನು ‘ಜಡ್ಜಮ್ಮ’ ಎಂದೇ ಕರೆಯುತ್ತಿದ್ದ. ಹಾಗೆ ಕರೆಯುವಾಗ ಅವನ ದನಿಯಲ್ಲಿ ತಮಾಷೆ ಅರ್ಧ ಇರುತ್ತಿತ್ತು, ಇನ್ನರ್ಧ ಹೆಮ್ಮೆ. ಆ ಹೆಮ್ಮೆಯನ್ನು ನಾನು ಒಂದೇ ವಾರದಲ್ಲಿ ಹೇಗೆ ಕಳೆದುಕೊಂಡೆ ಎಂಬುದನ್ನು ಹೇಳಬೇಕಾಗಿದೆ.

ನಮ್ಮ ಮನೆಯ ಬೀದಿ ಕಡೆಯ ಕೋಣೆಯೇ ಅಪ್ಪನ ಕಾರ್ಖಾನೆ. ಗಿಟಾರಿನವರ ಆಂಪ್ಲಿಫೈಯರ್, ಸ್ಪೀಕರ್, ಪೆಡಲ್, ಕೆಟ್ಟದ್ದೆಲ್ಲ ಅಲ್ಲಿಗೆ ಬರುತ್ತದೆ. ಗೋಡೆಯುದ್ದಕ್ಕೂ ಹಳೆಯ ಔಷಧಿ ಬಾಟಲಿಗಳು, ಅವುಗಳ ತುಂಬ ಕಾಳಿನಷ್ಟು ಸಣ್ಣ ಬಿಡಿಭಾಗಗಳು. ಮೇಜಿನ ಮೇಲೆ ಬೆಸುಗೆ ಹಾಕುವ ಕಡ್ಡಿ, ಸದ್ದನ್ನು ಹಸಿರು ಗೆರೆಯಾಗಿ ತೋರಿಸುವ ಒಂದು ಪರದೆ. ಆ ಪರದೆಯನ್ನು ಅಪ್ಪ ಬಳಸಿದ್ದನ್ನು ನಾನು ಕಂಡದ್ದೇ ಅಪರೂಪ. ಅದರ ಮೇಲೆ ಟೀ ಲೋಟ ಇಡುತ್ತಿದ್ದ. ಕೆಟ್ಟ ಆಂಪಿನ ನೆತ್ತಿಗೆ ಬೆರಳಲ್ಲಿ ಎರಡು ಸಲ ಕುಟ್ಟಿ, ತಲೆ ವಾಲಿಸಿ ಕೇಳಿ, ‘ಎಡಗಡೆ ಎರಡನೇ ಬೆಸುಗೆ ಬಿಟ್ಟಿದೆ’ ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಬಿಟ್ಟಿರುತ್ತಿತ್ತು. ವಾದ್ಯದವರೆಲ್ಲ ಅವನಿಗೆ ಇಟ್ಟ ಹೆಸರು ಕಿವಿ ಮೇಷ್ಟ್ರು.

ಡಿಸ್ಟಾರ್ಷನ್ ಪೆಡಲ್ ಎಂದರೆ ಏನೆಂದು ತಿಳಿಯದವರಿಗೆ ಒಂದು ಮಾತು. ಅಂಗೈ ಅಗಲದ ಲೋಹದ ಡಬ್ಬಿ ಅದು. ಗಿಟಾರಿಗೂ ಆಂಪಿಗೂ ನಡುವೆ ನೆಲದ ಮೇಲೆ ಕೂತಿರುತ್ತದೆ. ಕಾಲಲ್ಲಿ ಒತ್ತಿದರೆ ಗಿಟಾರಿನ ತಿಳಿಯಾದ ದನಿ ಒಡೆದು, ಕಿರುಚಿ ಕಿರುಚಿ ಗಂಟಲು ಕಟ್ಟಿದವರ ದನಿಯಾಗುತ್ತದೆ. ಕೆಡಿಸುವುದೇ ಅದರ ಕೆಲಸ. ಆದರೆ ಎಷ್ಟು ಕೆಡಿಸಬೇಕು, ಹೇಗೆ ಕೆಡಿಸಬೇಕು ಎನ್ನುವುದರಲ್ಲಿ ಗಿಟಾರಿನವರು ಮನೆ ಮಠ ಮರೆತು ಜಗಳವಾಡುತ್ತಾರೆ.

ಇಂಥದ್ದನ್ನು ಆರಿಸಲು ಅಪ್ಪನ ಬಳಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಕೋಣೆಯ ಮೂಲೆಯಲ್ಲಿ ಒಂದು ಕುರ್ಚಿ, ಗೋಡೆಗೆ ಮುಖ ಮಾಡಿ ಇಟ್ಟದ್ದು. ಆರಿಸುವವರು ಅದರಲ್ಲಿ ಕೂತು ಗೋಡೆ ನೋಡಬೇಕು. ಹಿಂದಿನಿಂದ ಅಪ್ಪ ಒಂದೇ ಗಿಟಾರಿನಲ್ಲಿ ಒಂದೇ ಸಾಲನ್ನು ನುಡಿಸುತ್ತ ಪೆಡಲ್ ಮಾತ್ರ ಬದಲಾಯಿಸುತ್ತಿದ್ದ. ಪ್ರತಿಯೊಂದರ ಕೆಳಗೂ ಅಂಕಿ ಬರೆದ ಚೀಟಿ. ಒಂದು, ಎರಡು, ಮೂರು. ಆರಿಸಿದ ಮೇಲೆಯೇ ತಿರುಗಿ ನೋಡಬೇಕು. ‘ಕಣ್ಣು ಮಧ್ಯೆ ಬಾಯಿ ಹಾಕುತ್ತೆ. ಹೆಸರು ನೋಡಿ ಕೇಳೋರಿಗೆ ಹೆಸರೇ ಕೇಳ್ಸೋದು’ ಎನ್ನುತ್ತಿದ್ದ. ಒಬ್ಬಾತ ದೊಡ್ಡ ಕಂಪನಿಯ ಕೆಂಪು ಪೆಡಲೇ ಬೇಕೆಂದು ಹಟ ಹಿಡಿದು ಬಂದಿದ್ದ. ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ತಲೆದೂಗಿ ಎರಡನೆಯದನ್ನು ಆರಿಸಿದ. ತಿರುಗಿದರೆ ಅದು ಅಪ್ಪ ಹಳೆಯ ಊಟದ ಡಬ್ಬಿಯೊಳಗೆ ಕಟ್ಟಿದ್ದು. ಮುಖ ಹುಳ್ಳಗೆ ಮಾಡಿಕೊಂಡು ಅದನ್ನೇ ಒಯ್ದ.

ಅಪ್ಪ ಕಟ್ಟುತ್ತಿದ್ದ ಪೆಡಲಿಗೆ ಎರಡೇ ಗುಂಡಿ. ಒಂದು ದನಿಯ ಜೋರಿಗೆ, ಇನ್ನೊಂದು ಒರಟಿಗೆ. ದನಿಯನ್ನು ಚೂಪು ಮಾಡುವ, ಮಂದ ಮಾಡುವ ಮೂರನೆಯ ಗುಂಡಿ ಎಲ್ಲ ಕಂಪನಿಯವರೂ ಇಡುತ್ತಾರೆ, ಅಪ್ಪ ಮಾತ್ರ ಇಡುತ್ತಿರಲಿಲ್ಲ. ‘ಅದನ್ನ ಹೊಂದಿಸೋದು ನನ್ನ ಕೆಲಸ, ತಗೊಂಡು ಹೋಗೋನದಲ್ಲ’ ಎಂಬ ಜಂಬ ಅವನಿಗೆ. ಒಳಗೆ ಯಾವ ಬಿಡಿಭಾಗ ಕೂರಬೇಕೆಂದು ಒಂದೊಂದನ್ನೇ ಹಾಕಿ, ಕೇಳಿ, ತೆಗೆದು, ಇನ್ನೊಂದನ್ನು ಹಾಕಿ, ತನ್ನ ಕಿವಿಗೆ ಸರಿ ಎನಿಸಿದಾಗ ಬೆಸುಗೆ ಹಾಕಿ ಮುಚ್ಚುತ್ತಿದ್ದ.

ನಾನು ಸಂಗೀತ ಶಾಲೆಯೊಂದರಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಉಳಿದ ಹೊತ್ತಿನಲ್ಲಿ ನಾಲ್ಕು ಜನ ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಏಳು ವರ್ಷ ಅಲ್ಲಿ ಇಲ್ಲಿ ನುಡಿಸಿದ ಮೇಲೆ ನಮ್ಮ ಮೊದಲ ರೆಕಾರ್ಡಿಂಗಿಗೆ ಸ್ಟುಡಿಯೋದಲ್ಲಿ ಎರಡು ತಿಂಗಳ ಆಚೆಗಿನ ಒಂದು ಶನಿವಾರ ನಿಗದಿಯಾಯಿತು. ಸರಿಯಾಗಿ ಅದೇ ಹೊತ್ತಿಗೆ ನನ್ನ ಹಳೆಯ ಪೆಡಲ್ ಕೈಕೊಟ್ಟಿತು.

‘ನಾನು ಮಾಡಿಕೊಡ್ತೀನಿ’ ಅಂದ ಅಪ್ಪ.

ಊರಿಗೆಲ್ಲ ಮಾಡಿಕೊಟ್ಟ ಮನುಷ್ಯ ನನಗೆ ಒಂದನ್ನೂ ಮಾಡಿಕೊಟ್ಟಿರಲಿಲ್ಲ. ಎರಡು ತಿಂಗಳು ಅದರ ಮೇಲೆ ಕೂತ. ನಾನೋ, ಸುಮ್ಮನೆ ತೆಗೆದುಕೊಳ್ಳುವವಳಲ್ಲ. ‘ನಾನೂ ಆ ಕುರ್ಚೀಲಿ ಕೂರ್ತೀನಿ. ಅಂಗಡಿಯವು ಎರಡು, ನಿನ್ನದು ಒಂದು. ನಿನ್ನದು ಸೋತರೆ ಅಪ್ಪ ಅಂತ ಮುಖ ನೋಡಲ್ಲ, ಈಗ್ಲೇ ಹೇಳಿದೀನಿ’ ಎಂದೆ.

‘ಆಗ್ಲಿ ಜಡ್ಜಮ್ಮ, ನ್ಯಾಯ ನ್ಯಾಯವೇ’ ಎಂದು ನಕ್ಕ.

ಸೋಮವಾರ ಬೆಳಗ್ಗೆ ಕೂತೆ. ಮೂಗಿನ ಮುಂದೆ ಸುಣ್ಣ ಎದ್ದ ಗೋಡೆ. ಹಿಂದೆ ಅಪ್ಪ ಗಂಟಲು ಸರಿಮಾಡಿಕೊಂಡ, ಹಾಡುವವನೇ ತಾನು ಎನ್ನುವ ಹಾಗೆ.

‘ಒಂದು’ ಅಂದ. ನುಡಿಸಿದ. ದಪ್ಪ ದನಿ, ಬೆಚ್ಚಗಿತ್ತು. ಕೊನೆಯ ಸ್ವರ ನಿಂತು ನಿಂತು ನಿಧಾನಕ್ಕೆ ಉದುರಿತು. ನನ್ನ ಮುಖದಲ್ಲಿ ನಗು ಬಂತು. ಇದೇ ಅಪ್ಪನದು, ಬೇರೆ ಮಾತೇ ಇಲ್ಲ ಎಂದುಕೊಂಡೆ.

‘ಎರಡು.’ ಅದೂ ತಕ್ಕಮಟ್ಟಿಗಿತ್ತು, ಸ್ವಲ್ಪ ಸಪ್ಪೆ.

‘ಮೂರು.’

ಅಯ್ಯೋ ದೇವರೇ! ಸ್ಟೀಲ್ ತಟ್ಟೆಯ ಮೇಲೆ ಉಗುರು ಗೀರಿದ ಹಾಗಿತ್ತು. ಹಲ್ಲು ಜುಮ್ಮೆಂದವು. ಎರಡೂ ಕಿವಿಗೆ ಕೈ ಮುಚ್ಚಿಕೊಂಡು ಕೂಗಿದೆ: ‘ಸಾಕಪ್ಪಾ, ನಿಲ್ಸು ಮಾರಾಯಾ! ಇದನ್ನ ಮಾಡಿದ ಪುಣ್ಯಾತ್ಮ ಯಾರು? ಅವನಿಗೆ ಕಿವಿ ಅಂತ ಇದೆಯೋ, ಇಲ್ಲ ಬರೀ ತೂತು ಇದೆಯೋ?’

ಆಡಿದ ಮಾತು ಇದೇ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಆಡಿ ನಾನೇ ಕಿಸಕ್ಕನೆ ನಕ್ಕೆ. ‘ಒಂದನೇದು ನಿನ್ನದು. ಅದೇ ಗೆದ್ದಿದ್ದು’ ಎಂದೂ ಸೇರಿಸಿದೆ.

ಹಿಂದೆ ಬಟ್ಟೆ ಎಳೆದ ಸದ್ದಾಯಿತು. ‘ಹೂಂ’ ಅಂದ ಅಪ್ಪ. ‘ಸರಿಯಾಗಿ ಹೇಳ್ದೆ.’

ತಿರುಗಿದಾಗ ಮೇಜಿನ ಮೇಲೆ ಬಟ್ಟೆ ಹೊದಿಸಿತ್ತು. ಅವನದೇ ಪದ್ಧತಿ, ತಿರುಗಿದವರಿಗೆ ತೋರಿಸಬೇಕು. ಅಂದು ತೋರಿಸಲಿಲ್ಲ. ‘ಇನ್ನೂ ಚೂರು ಕೆಲಸ ಇದೆ, ಬಣ್ಣ ಹೊಡೀಬೇಕು. ಶುಕ್ರವಾರ ಕೊಡ್ತೀನಿ’ ಎಂದು ಗಿಟಾರನ್ನು ಒರೆಸತೊಡಗಿದ. ನನಗೆ ಆಗಲೇ ಹೊಳೆಯಬೇಕಿತ್ತು. ಎಲ್ಲಿ ಹೊಳೆಯುತ್ತದೆ! ನನ್ನ ಕಿವಿಯ ಬಗ್ಗೆ ನನಗೇ ಜಂಬ ನೆತ್ತಿಗೇರಿತ್ತು.

ಶಾಲೆಗೆ ಹೋದವಳು ಹೊಸ ತಂತಿಗಳ ಕಟ್ಟನ್ನು ಮನೆಯಲ್ಲೇ ಮರೆತಿದ್ದೆ. ಮಧ್ಯಾಹ್ನ ವಾಪಸ್ ಬಂದೆ. ಬೀದಿಯಲ್ಲಿರುವಾಗಲೇ ಸೀಟಿಯಂಥ ಸಣ್ಣ ಕೀರಲು ಸದ್ದು ಕೇಳಿತು, ಕಿವಿಗೆ ಸೂಜಿ ಹೊಗಿಸಿದ ಹಾಗೆ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಸದ್ದು ಅಲ್ಲಿಂದಲೇ ಬರುತ್ತಿತ್ತು.

ಅಪ್ಪ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಪರದೆಯ ಮೇಲೆ ಟೀ ಲೋಟ ಇರಲಿಲ್ಲ. ಹಸಿರು ಗೆರೆ ಒತ್ತೊತ್ತಾಗಿ ಕುಣಿಯುತ್ತಿತ್ತು. ಒಂದೇ ಸ್ವರವನ್ನು ಕೆಳಗಿನಿಂದ ಮೇಲಕ್ಕೆ ಏರಿಸುವ ಯಂತ್ರವೊಂದಿದೆ, ಅದರ ಗುಂಡಿಯ ಮೇಲೆ ಅವನ ಕೈ. ಸದ್ದು ಬಾಗಿಲಲ್ಲಿ ನಿಂತ ನನ್ನ ಕಿವಿ ಕೊರೆಯುತ್ತಿದ್ದರೆ, ಅವನು ಸ್ಪೀಕರಿನ ಬಟ್ಟೆಗೇ ಕಿವಿ ಹಚ್ಚಿ ಕೇಳುತ್ತಿದ್ದ. ತಲೆ ಅಲ್ಲಾಡಿಸಿದ. ವೈರು ಸಡಿಲವಾಗಿದೆಯೇ ಎಂದು ಕಿತ್ತು ಮತ್ತೆ ಸಿಕ್ಕಿಸಿದ. ಸೀಟಿ ಮತ್ತೆ ಹೊಡೆಯಿತು. ಪರದೆ ನೋಡಿದ, ಗೆರೆ ಕುಣಿಯುತ್ತಲೇ ಇದೆ. ಮತ್ತೆ ಕಿವಿ ಹಚ್ಚಿದ. ಆಮೇಲೆ ಗುಂಡಿಯನ್ನು ಕೆಳಕ್ಕೆ ತಿರುಗಿಸುತ್ತ ಬಂದ. ಬಹಳ ಕೆಳಗೆ ಬಂದಾಗ, ಹಾಜರಿ ಕೂಗಿದಾಗ ಮಕ್ಕಳು ಎತ್ತುವ ಹಾಗೆ, ಒಂದು ಬೆರಳನ್ನು ಮೇಲೆತ್ತಿದ. ಅಲ್ಲಿ ಯಾರೂ ಇರಲಿಲ್ಲ, ತನಗೆ ತಾನೇ ಎತ್ತಿಕೊಂಡದ್ದು. ಕಾಗದದಲ್ಲಿ ಏನೋ ಬರೆದ. ಮತ್ತೆ ಮೊದಲಿನಿಂದ ಶುರು ಮಾಡಿದ.

ಅವನ ಮೊಣಕೈ ಪಕ್ಕದಲ್ಲಿ ಒಂದು ಪೆಡಲ್ ಬಾಯಿ ತೆರೆದು ಮಲಗಿತ್ತು. ಎರಡೇ ಗುಂಡಿಯದು. ಬಿಚ್ಚಿಟ್ಟ ತಳಕ್ಕೆ ಅಂಟಿಸಿದ ಚೀಟಿಯಲ್ಲಿ ಮೂರು ಎಂಬ ಅಂಕಿ.

ಎರಡೂ ಸಂಗತಿ ಒಟ್ಟಿಗೇ ತಿಳಿದುಬಿಟ್ಟವು. ಅಪ್ಪನಿಗೆ ಮೇಲಿನ ಸ್ವರಗಳು ಕೇಳಿಸುತ್ತಿಲ್ಲ. ಕೇಳಿಸದ್ದಕ್ಕೇ ಸಾಲದು, ಸಾಲದು ಎಂದು ಪೆಡಲಿನ ದನಿಯನ್ನು ಚೂಪು ಮಾಡುತ್ತಲೇ ಹೋಗಿದ್ದಾನೆ. ನನಗಾಗಿ ಎರಡು ತಿಂಗಳು ಕೂತು ಮಾಡಿದ್ದನ್ನು ನಾನು ಕಿವಿ ಮುಚ್ಚಿಕೊಂಡು, ನಕ್ಕು, ಉಗಿದಿದ್ದೇನೆ. ಒಳಗೆ ಹೋಗಿ ಅವನ ಹೆಗಲ ಮೇಲೆ ಕೈ ಇಡಬೇಕಿತ್ತು. ಇಡಲಿಲ್ಲ. ತಂತಿಯ ಕಟ್ಟನ್ನೂ ತೆಗೆದುಕೊಳ್ಳದೆ ಕಳ್ಳಿಯ ಹಾಗೆ ಬೀದಿಗೆ ಇಳಿದೆ. ಮೂಲೆಯ ಚಪ್ಪಲಿ ಅಂಗಡಿಯ ಗಾಜಿನ ಮುಂದೆ ನಿಂತು, ಚಪ್ಪಲಿ ನೋಡುವವಳಂತೆ ನಟಿಸುತ್ತ ಗೊಳೋ ಎಂದು ಅತ್ತೆ. ಅಂಗಡಿಯವನು ಹೊರಗೆ ಬಂದು, ‘ಯಾವ ಸೈಜು ಬೇಕಿತ್ತಮ್ಮಾ?’ ಎಂದು ಕೇಳಿದ. ಪಾಪ, ಅವನಿಗೇನು ಗೊತ್ತು.

ಸಂಜೆ ಅಮ್ಮನ ಬಳಿ ಬಾಯಿ ಬಿಟ್ಟೆ. ಅಮ್ಮ ಹೊಲಿಗೆ ಯಂತ್ರದ ಮುಂದೆ ಯಾರದೋ ಮನೆಯ ಕಿಟಕಿ ಪರದೆಗಳಿಗೆ ಅಂಚು ಹೊಲಿಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, ಕಾಲು ನಿಲ್ಲಿಸಿ, ದಾರ ಕಚ್ಚಿ ತುಂಡು ಮಾಡಿದಳು.

‘ನಿಂಗೆ ಇವತ್ತು ಗೊತ್ತಾಯ್ತು. ಎರಡು ವರ್ಷದಿಂದ ಅವರಿಗೆ ಗಡಿಯಾರದ ಅಲಾರಂ ನಾನೇ’ ಅಂದಳು. ‘ಅದು ಪಕ್ಕದಲ್ಲೇ ಬಡ್ಕೊಳ್ತಿದ್ರೂ ಹಾಯಾಗಿ ಮಲಗಿರ್ತಾರೆ. ಮೊದ್ಲು ನಾನೂ ಏನೋ ಅಂದ್ಕೊಂಡೆ. ಹೆಂಡತಿ ಮಾತು ಕಿವಿ ಮೇಲೆ ಹಾಕ್ಕೊಳ್ದೇ ಇರೋದು ಯಾವ ಗಂಡನಿಗೆ ಹೊಸದು ಹೇಳು? ಆಮೇಲೆ ತಿಳೀತು.’

‘ನಂಗ್ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ನೀನು ನೆಟ್ಟಗೆ ಹೋಗಿ ಅವರ ಮುಖಕ್ಕೇ ಒದರ್ತಿದ್ದೆ. ನಿನ್ನ ಬಾಯಿ ನಂಗೆ ಗೊತ್ತಿಲ್ವಾ?’ ಬಟ್ಟೆಯನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡಳು. ‘ಮಧ್ಯಾಹ್ನ ಊಟಕ್ಕೂ ಬರ್ಲಿಲ್ಲ ಮನುಷ್ಯ. ಒಂದು ಒಳ್ಳೆ ಮಾತು ಆಡಿದ್ರೆ ನಿನ್ನ ಗಂಟೇನು ಹೋಗುತ್ತೆ? ಅವರು ಮಾಡಿದ್ದನ್ನ ಚೆನ್ನಾಗಿದೆ ಅನ್ನು. ಇನ್ನೆಷ್ಟು ಪೆಡಲ್ ಮಾಡ್ತಾರೆ ಅವರು?’

ಜನ್ಮಕ್ಕೆ ಒಂದು ಸಲ ಅಮ್ಮನ ಮಾತು ಕೇಳೋಣ ಎಂದು ತೀರ್ಮಾನಿಸಿದೆ. ಆ ಪೆಡಲನ್ನೇ ಶನಿವಾರ ಸ್ಟುಡಿಯೋಕ್ಕೆ ಒಯ್ಯುತ್ತೇನೆ, ಬ್ಯಾಂಡಿನವರು ಬೈದರೆ ಬೈಸಿಕೊಳ್ಳುತ್ತೇನೆ, ರೆಕಾರ್ಡಿಂಗ್ ಹಾಳಾದರೆ ಆಗಲಿ. ಅಪ್ಪನ ಮುಖದ ಮುಂದೆ ಅದೇನು ದೊಡ್ಡದು?

ಮಂಗಳವಾರ, ಬುಧವಾರ, ಗುರುವಾರ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಬೆಸುಗೆಯ ಹೊಗೆಯ ವಾಸನೆ ಮಾತ್ರ ಸಂದಿಯಿಂದ ಬರುತ್ತಿತ್ತು. ಊಟಕ್ಕೆ ಬಂದು ನಾಲ್ಕು ತುತ್ತು ತಿಂದು ಎದ್ದು ಹೋಗುತ್ತಿದ್ದ. ಬಣ್ಣ ಹೊಡೆಯಲು ಇಷ್ಟು ದಿನವೇ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಶುಕ್ರವಾರ ಬೆಳಗ್ಗೆ ಕರೆದ. ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ತೊಟ್ಟಿದ್ದ. ‘ಜಡ್ಜಮ್ಮ, ಇನ್ನೊಂದ್ಸಲ ಕೂತ್ಕೋತೀಯಾ?’

ಆ ‘ಕೂತ್ಕೋತೀಯಾ’ ಎಂಬುದರಲ್ಲಿ ಸಂಕೋಚವಿತ್ತು. ತನ್ನ ಪೆಡಲಿಗೆ ಇನ್ನೊಂದು ಅವಕಾಶ ಕೇಳುತ್ತಿದ್ದಾನೆ ಎಂದುಕೊಂಡೆ. ಕೊಡುತ್ತೇನಪ್ಪಾ, ಬೇಕಾದಷ್ಟು ಕೊಡುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿ ಗೋಡೆಗೆ ಮುಖ ಮಾಡಿದೆ.

‘ಒಂದು.’ ಅದೇ! ತಟ್ಟೆಯ ಮೇಲಿನ ಉಗುರು. ಗುರುತು ಸಿಕ್ಕಿತು, ಇದೇ ಅಪ್ಪನದು. ಹಲ್ಲು ಕಚ್ಚಿ, ಮುಖದ ಒಂದು ಗೆರೆಯೂ ಅಲುಗದಂತೆ ಕೂತೆ. ಬೆನ್ನಿನಿಂದಲೂ ಅವನು ಓದಿಬಿಡುತ್ತಾನೆ ಎಂಬ ಭಯ.

‘ಎರಡು.’

ಅದನ್ನು ಹೇಗೆ ಹೇಳಲಿ? ಮೈಮೇಲೆ ಮುಳ್ಳೆದ್ದವು. ಒಡೆದ ದನಿಯೇ, ಆದರೆ ಒಡೆದ ಒಂದೊಂದು ಚೂರೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ತುಂಬ ಅತ್ತು ಮುಗಿಸಿದವರು ಕೊನೆಗೆ ಮಾತಾಡಲು ಶುರು ಮಾಡಿದ ಹಾಗೆ. ಏಳು ವರ್ಷದಿಂದ ನನ್ನ ತಲೆಯೊಳಗಿದ್ದು ಎಲ್ಲೂ ಸಿಗದ ದನಿ ಅದು. ಯಾವುದೋ ದೊಡ್ಡ ಕಂಪನಿಯದನ್ನು ಯಾರಿಂದಲೋ ಎರವಲು ತಂದಿದ್ದಾನೆ, ಹೋಲಿಕೆಗೆ, ಎಂದುಕೊಂಡೆ. ನನಗೆ ಸಿಟ್ಟೂ ಬಂತು. ಈ ಬಡಪಾಯಿ ತನ್ನ ಪೆಡಲಿನ ಎದುರಿಗೆ ಇಂಥದ್ದನ್ನು ಯಾಕೆ ತಂದು ನಿಲ್ಲಿಸಿದ?

‘ಮೂರು.’ ಸೋಮವಾರದ ಬೆಚ್ಚನೆಯ ದನಿ. ಅಂಗಡಿಯದು.

‘ಯಾವುದು?’ ಅಂದ.

‘ಒಂದು’ ಅಂದೆ. ‘ಕಣ್ಣು ಮುಚ್ಚಿ ಹೇಳ್ತೀನಿ, ಒಂದು. ಏನು ಚುರುಕು, ಏನು ಹೊಳಪು!’

‘ಎರಡನೇದು?’

ಅಲ್ಲಿಗೆ ನಿಲ್ಲಿಸಿದ್ದರೂ ಉಳಿದುಕೊಳ್ಳುತ್ತಿದ್ದೆನೋ ಏನೋ. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಎಷ್ಟು ಹೇಳಬೇಕೆಂಬ ಅಳತೆ ತಿಳಿಯುವುದಿಲ್ಲ. ‘ಎರಡನೇದಾ? ಥೂ, ಬರೀ ಗೊಗ್ಗರು. ಜೀವಾನೇ ಇಲ್ಲ. ಅದನ್ನ ಯಾರಾದ್ರೂ ಬಿಟ್ಟಿ ಕೊಟ್ರೂ ಬೇಡ’ ಎಂದೆ.

ಆಂಪಿನ ಗುಂಯ್‌ಗುಟ್ಟುವಿಕೆ ಟಕ್ಕೆಂದು ನಿಂತಿತು.

‘ತಿರುಗು’ ಅಂದ ಅಪ್ಪ.

ಮೇಜಿನ ಮೇಲೆ ಬಟ್ಟೆ ಇರಲಿಲ್ಲ. ಮೂರು ಪೆಡಲುಗಳಲ್ಲಿ ಎರಡು ಅವನ ಕೈಯವು, ಎರಡೆರಡೇ ಗುಂಡಿಯವು. ಒಂದಕ್ಕೆ ಬಣ್ಣವಿಲ್ಲ. ಇನ್ನೊಂದಕ್ಕೆ ಕಡು ನೀಲಿ ಬಣ್ಣ ಹೊಡೆದಿತ್ತು, ಇನ್ನೂ ಪೂರ್ತಿ ಒಣಗಿರಲಿಲ್ಲ.

‘ಬಣ್ಣ ಇಲ್ದಿರೋದು ಒಂದು. ಸೋಮವಾರ ನೀನು ಬೈದಿದ್ದು’ ಅಂದ. ‘ನೀಲಿ ಎರಡು. ಈ ನಾಲ್ಕು ದಿನ ಅದನ್ನೇ ಕಟ್ಟಿದ್ದು. ಮೇಲಿನ ಸ್ವರ ನಂಗೆ ಕೇಳ್ತಾ ಇಲ್ಲ ಮಗಳೇ. ಸೋಮವಾರ ನೀನು ಹೇಳಿದ ಮೇಲೇ ನಂಗೂ ತಿಳಿದಿದ್ದು. ಅದಕ್ಕೆ ಇದನ್ನ ಪರದೆಯ ಗೆರೆ ನೋಡ್ಕೊಂಡು ಮಾಡ್ದೆ. ಕಣ್ಣಿಂದ. ಸರಿ ಬಂದಿದೆಯೋ ಇಲ್ವೋ ನಂಗೆ ತಿಳಿಯೋ ದಾರಿ ಇರ್ಲಿಲ್ಲ, ನಿನ್ನ ಕೂರಿಸ್ದೆ.’

‘ಹಳೇದನ್ನ ಯಾಕೆ ಇಟ್ಟೆ?’ ಎಂದೆ.

‘ನೀನು ಅದಕ್ಕೆ ಮತ್ತೆ ಬೈದ್ರೆ, ಹೊಸದರ ಬಗ್ಗೆ ನೀನು ಹೇಳೋದನ್ನ ನಂಬಬಹುದು ಅಂತ.’

ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ‘ಅಪ್ಪಾ, ಸುಳ್ಳು ಹೇಳ್ದೆ. ಸೋಮವಾರ ಮಧ್ಯಾಹ್ನ ಬಂದಿದ್ದೆ, ಬಾಗಿಲಲ್ಲಿ ನಿಂತು ನೋಡ್ದೆ. ನಿಂಗೆ ನೋವಾಗಬಾರ್ದು ಅಂತ ಹಾಗಂದೆ. ಎರಡನೇದೇ ಚೆನ್ನಾಗಿರೋದು. ನಾನು ಇಂಥ ದನಿ ಕೇಳೇ ಇಲ್ಲ. ನಿನ್ನಾಣೆ, ಅಪ್ಪಾ.’

‘ಹೌದಾ’ ಅಂದ. ‘ಸಂತೋಷ.’

ಇಷ್ಟವಾಗದ್ದನ್ನು ಚೆನ್ನಾಗಿದೆ ಎಂದು ಹೇಳಿ ಜಾರಿಕೊಳ್ಳುವ ಗಿರಾಕಿಗೆ ಅವನು ಹೀಗೇ ಹೇಳುತ್ತಿದ್ದುದು. ನಾನು ಅವನ ಕೈ ಹಿಡಿದು ಅತ್ತೆ, ಎರಡನೆಯದನ್ನು ಮತ್ತೆ ಹಾಕು, ನಾನೇ ನುಡಿಸಿ ತೋರಿಸುತ್ತೇನೆ ಎಂದು ಗೋಗರೆದೆ. ಅವನು ನಿಧಾನವಾಗಿ ಕೈ ಬಿಡಿಸಿಕೊಂಡ. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

‘ಕಿವಿ ಹೋಯ್ತು ಅಂತ ತಿಳಿದಾಗ ನಂಗೆ ಅಂಥಾ ಸಂಕಟ ಏನೂ ಆಗ್ಲಿಲ್ಲ ಕಣೇ’ ಅಂದ. ‘ಮನೇಲಿ ಇನ್ನೊಂದು ಇದೆಯಲ್ಲ ಅಂದ್ಕೊಂಡೆ.’

ಆಮೇಲೆ ವೈರುಗಳನ್ನು ಸುತ್ತುತ್ತ, ನನ್ನ ಕಡೆ ನೋಡದೆ ಹೇಳಿದ: ‘ನಿನ್ನ ಜೊತೆ ಡ್ರಮ್ ಬಾರಿಸ್ತಾನಲ್ಲ, ಅವನನ್ನ ಒಂಚೂರು ಬರೋಕೆ ಹೇಳು. ಅವನಿಗೆ ನನ್ನ ಮೇಲೆ ಪ್ರೀತಿ ಏನೂ ಇಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳ್ತಾನೆ.’

ಡ್ರಮ್ಮಿನವನು ಸಂಜೆ ಬಂದ. ದಪ್ಪಗೆ, ಸಾಧು ಸ್ವಭಾವದವನು, ಎರಡು ಪೆಡಲಿನ ನಡುವೆ ವ್ಯತ್ಯಾಸ ಇರುತ್ತದೆಂದೇ ನಂಬದವನು. ಅವನು ಆ ಕುರ್ಚಿಯಲ್ಲಿ ಕೂತ. ನನ್ನನ್ನು ಅಪ್ಪ ಹೊರಗೆ ನಿಲ್ಲಲು ಹೇಳಿದ. ಬಾಗಿಲಾಚೆಯಿಂದ ಮೂರೂ ದನಿಗಳನ್ನು ಕೇಳಿದೆ. ಡ್ರಮ್ಮಿನವನು ಒಂದಕ್ಕೆ ‘ಅಮ್ಮಮ್ಮಾ’ ಎಂದ. ಮೂರು ಮುಗಿದ ಮೇಲೆ, ‘ಎರಡನೇದು ಮೇಷ್ಟ್ರೇ. ಯಾಕೋ ಏನೋ, ನಮ್ಮಜ್ಜಿ ನೆನಪಾದ್ರು’ ಎಂದ.

ಅಪ್ಪ ನಕ್ಕ. ಆ ವಾರದಲ್ಲಿ ಮೊದಲ ಸಲ ನಕ್ಕದ್ದು. ‘ನಿಜವಾಗ್ಲೂ?’ ಎಂದು ಎರಡೆರಡು ಸಲ ಕೇಳಿದ, ಅವನು ಎರಡು ಸಲವೂ ಹೌದೆಂದ. ಕುರ್ಚಿ ಸರಿದ ಸದ್ದಾಯಿತು. ‘ಇದನ್ನ ಅವಳಿಗೆ ಕೊಟ್ಟುಬಿಡಪ್ಪ, ನಾಳೆಗೆ ಬೇಕಂತೆ. ಬಣ್ಣ ಹಸಿ ಇದೆ, ಹುಷಾರು’ ಎಂದ ಅಪ್ಪ. ನಾನು ಬಾಗಿಲಿನ ಈಚೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಡ್ರಮ್ಮಿನವನು ಪೆಡಲನ್ನು ತಂದು ನನ್ನ ಕೈಗಿತ್ತ.

ಶನಿವಾರ ಅದರಲ್ಲೇ ನುಡಿಸಿದೆ. ಸ್ಟುಡಿಯೋದವರು ದನಿಗೆ ಮಾರುಹೋದರು, ಎಲ್ಲಿಂದ ತಂದಿರಿ ಎಂದು ಕೇಳಿದರು. ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಸ್ಪಷ್ಟವಾಗಿ, ನಿಧಾನವಾಗಿ, ಅವನಿಗೆ ಕೇಳುವ ಹಾಗೆ ಹೇಳಿದೆ. ಅಪ್ಪ ‘ಸಂತೋಷ’ ಎಂದ.

ಅಪ್ಪ ಕೆಲಸ ಬಿಟ್ಟಿಲ್ಲ. ಪರದೆ ನೋಡಿಕೊಂಡು ಕಟ್ಟುತ್ತಾನೆ, ಮುಗಿದಾಗಲೆಲ್ಲ ಡ್ರಮ್ಮಿನವನಿಗೆ ಹೇಳಿ ಕಳಿಸುತ್ತಾನೆ. ಅವನು ಬಂದು, ಗೋಡೆಗೆ ಮುಖ ಮಾಡಿ ಕೂತು, ತೋಚಿದ್ದನ್ನು ಹೇಳಿ, ಟೀ ಕುಡಿದು ಹೋಗುತ್ತಾನೆ. ನಾನು ಟೀ ಮಾಡಿ ಕೊಡುತ್ತೇನೆ. ಅಪ್ಪ ನನ್ನೊಂದಿಗೆ ಮೊದಲಿನಂತೆಯೇ ಮಾತಾಡುತ್ತಾನೆ, ಊಟಕ್ಕೆ ಕೂತಾಗ ತಮಾಷೆಯನ್ನೂ ಮಾಡುತ್ತಾನೆ. ಕರೆಯುವುದು ಮಾತ್ರ ನನ್ನ ಹೆಸರು ಹಿಡಿದು.